ಎಲೆ ಅಡಿಕೆಯ ಮೇಲಿನ ನಾಣ್ಯ

ಬನ್ನಿದಿನ್ನಿ, ಕೃಷ್ಣೆಯ ಹಿನ್ನೀರು
ಶಾಲಿವಾಹನ ಶಕ ೨೦೯೮, ಧಾತು ಸಂವತ್ಸರ, ಕಾರ್ತಿಕ ಬಹುಳ ಬಿದಿಗೆ

ಆಯಿ ಶೈಲಶ್ರೀ,

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರು ಬರೆದದ್ದೆಂದು ಇದನ್ನು ಒಲೆಗೆ ಹಾಕಬೇಡ. ನಿನಗೂ ನನಗೂ ನಡುವೆ ನೂರೈವತ್ತು ವರ್ಷಗಳಿವೆ. ನನ್ನ ಕೆಲವು ಮಾತುಗಳು ನಿನಗೆ ಅರ್ಥವಾಗಲಿಕ್ಕಿಲ್ಲ, ಕೆಲವು ಒರಟಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಆಮೇಲೆ ನಯವಾಗಿ ಮಾತಾಡುವಷ್ಟು ಪುರಸೊತ್ತು ನನಗಿಲ್ಲ. ನಾನು ನಿಂಬೆವ್ವ. ಈಗ ನಿನ್ನ ಮುಂದೆ ಕೂತು ಜಡೆ ಹಾಕಿಸಿಕೊಳ್ಳುತ್ತ ತಲೆ ಅಲ್ಲಾಡಿಸಿ ಬೈಸಿಕೊಳ್ಳುತ್ತಾಳಲ್ಲ ನಿನ್ನ ಮಗಳು, ಅವಳ ಮರಿಮಗಳ ಮಗಳು ನಾನು. ವಯಸ್ಸಿನಲ್ಲಿ ನೀನು ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳೇ. ಆದರೂ ನೀನು ಆಯಿ, ನಾನು ಮೊಮ್ಮಗಳು. ಮೊಮ್ಮಗಳು ಹಟ ಹಿಡಿದರೆ ಆಯಿ ಕೇಳಲೇಬೇಕು.

ಈ ಕಾಗದವನ್ನು ನೀನು ನಿನ್ನದೇ ಕೈಬರಹದಲ್ಲಿ ಓದುತ್ತಿದ್ದೀಯ, ಅದಕ್ಕೆ ಹೆದರಬೇಡ. ನಮ್ಮಲ್ಲಿ ಹಿಂದಂಚೆ ಎಂಬುದೊಂದಿದೆ. ಕಾಗದ ಹಿಂದಕ್ಕೆ ಹೋಗುವುದಿಲ್ಲ, ಬರೆಯುತ್ತಿದ್ದ ಹಾಗೆಯೇ ಮಾತು ಮಾತ್ರ ಹೋಗುತ್ತದೆ. ನಮ್ಮದೇ ರಕ್ತದ ಒಬ್ಬರ ಕೈಗೆ ಅದು ಇಳಿಯುತ್ತದೆ, ಅವರು ಅರೆನಿದ್ದೆಯಲ್ಲಿ ಎದ್ದು ತಾವೇ ಬರೆದುಕೊಳ್ಳುತ್ತಾರೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಸಲ ಅದರ ಅವಕಾಶ. ಬಹಳ ಮಂದಿ ಅದನ್ನು ಮುತ್ತಜ್ಜ ಬಂಗಾರ ಎಲ್ಲಿ ಹೂತಿಟ್ಟಿದ್ದಾನೆ ಎಂದು ಕೇಳುವುದಕ್ಕೇ ಕಳೆಯುತ್ತಾರೆ. ಮುತ್ತಜ್ಜ ಉತ್ತರ ಬರೆಯುವಂತಿಲ್ಲ ಎಂಬುದು ಆಮೇಲೆ ನೆನಪಾಗುತ್ತದೆ. ನಾನು ನನ್ನ ಸರದಿಯನ್ನು ಮುಪ್ಪಿಗೆಂದು ಇಟ್ಟುಕೊಂಡಿದ್ದೆ. ಇವತ್ತು ಬಳಸುತ್ತಿದ್ದೇನೆ, ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ನನ್ನ ಮಗಳು ಸಕ್ಕರವ್ವನನ್ನು ಕರೆದೊಯ್ಯಲು ಬರುತ್ತಾರೆ. ಅವಳಿಗೆ ಹತ್ತೊಂಬತ್ತು ವರ್ಷ. ತಿರುಗಿ ಈ ಮನೆಗೆ ಬಾಳಲು ಬರುವಾಗ ಅವಳ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿರುತ್ತದೆ. ಇದನ್ನು ತಪ್ಪಿಸಲು ನಿನ್ನಿಂದ ಆಗುತ್ತದೆ. ಬೇರೆ ಯಾರಿಂದಲೂ ಆಗುವುದಿಲ್ಲ.

ನಿನ್ನ ಗಂಡ ಚನ್ನವೀರ ಡಾಕ್ಟರಿಗೆ ಬರೆಯಬಹುದಿತ್ತಲ್ಲ ಎಂದು ನೀನು ಕೇಳಬಹುದು. ಅವನೇ ಅಲ್ಲವೆ ವಾರವೆಲ್ಲ ಊರಿನವರ ಹಲ್ಲು ಕಿತ್ತು, ಭಾನುವಾರ ಬಂದರೆ ಊರಾಚೆಯ ಗರಸಿನ ಪಟ್ಟಿಗೆ ಓಡಿ ತನ್ನ ನಾಲ್ಕು ಸೀಟಿನ ವಿಮಾನ ಏರುವವನು! ಅವನೂ ನನ್ನ ರಕ್ತವೇ, ಹಿಂದಂಚೆ ಅವನಿಗೂ ತಲುಪುತ್ತಿತ್ತು. ಆದರೆ ಹಾರುವ ಗಂಡಸರ ವಿಷಯ ನನಗೆ ಗೊತ್ತು ಆಯಿ, ನಾನೂ ಒಬ್ಬನ ಜೊತೆ ಇಪ್ಪತ್ತು ವರ್ಷ ಬಾಳಿದ್ದೇನೆ. ನೆಲದ ಮೇಲೆ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ, ಮೇಲೆ ಹೋದಮೇಲೆ ಅವರ ಕಿವಿಗೆ ಗಾಳಿ ಮಾತ್ರ ಕೇಳಿಸುತ್ತದೆ. ಅವನಿಗೆ ಬರೆದರೆ ನಕ್ಕು, ಮಡಚಿ, ಜೇಬಿನಲ್ಲಿಟ್ಟುಕೊಂಡು ಹಾರುತ್ತಾನೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನಾವು ಬದುಕುವ ರೀತಿಯನ್ನು ಸ್ವಲ್ಪ ಹೇಳಿದರೆ ಮುಂದಿನದು ನಿನಗೆ ತಿಳಿಯುತ್ತದೆ. ನಿನ್ನ ಊರು ಈಗ ನೀರಿನಡಿ ಇದೆ. ಕೃಷ್ಣೆಯ ಹಿನ್ನೀರು ನಿನ್ನ ಕಾಲದಲ್ಲಿ ಎಲ್ಲಿಗೆ ನಿಂತಿದೆಯೋ ಅದಕ್ಕಿಂತ ಬಹಳ ಮೇಲಕ್ಕೆ, ಬಹಳ ಅಗಲಕ್ಕೆ ಬಂದು ನಿಂತಿದೆ. ನೀರಿನ ಮೇಲೆ ಎದ್ದು ನಿಂತ ಎತ್ತರದ ಜಾಗಗಳಿಗೆ ನಾವು ದಿನ್ನಿ ಎನ್ನುತ್ತೇವೆ. ನನ್ನದು ಬನ್ನಿದಿನ್ನಿ, ನಲವತ್ತು ಮನೆ. ನೀರೆಂದರೆ ದೋಣಿ ನಡೆಯುವ ನೀರಲ್ಲ. ಮೊಣಕಾಲು ಮಟ್ಟದ ಕೆಸರು, ಮೇಲೆ ಚಾಪೆ ಹಾಸಿದ ಹಾಗೆ ಅಂತರಗಂಗೆ. ಹುಟ್ಟು ಹಾಕಿದರೆ ಸಿಕ್ಕಿಕೊಳ್ಳುತ್ತದೆ, ಇಳಿದರೆ ಕಾಲು ಹೂತು ಹೋಗುತ್ತದೆ. ಹೀಗಾಗಿ ದಿನ್ನಿಯಿಂದ ದಿನ್ನಿಗೆ ಹೋಗಬೇಕಾದರೆ ಹಾರಿಯೇ ಹೋಗಬೇಕು. ನಿಮ್ಮ ಮನೆಮನೆಯಲ್ಲಿ ಬೈಕು ಇರುವಂತೆ ನಮ್ಮಲ್ಲಿ ಹಾರುಬಂಡಿ ಇದೆ. ಎರಡು ಸೀಟು, ಹೆಚ್ಚೆಂದರೆ ಮೂರು. ರೆಕ್ಕೆಗೆ ಬೆಳಕುಬಟ್ಟೆ ಹೊದಿಸಿರುತ್ತೇವೆ, ಅದು ಬಿಸಿಲು ಕುಡಿದು ಬಂಡಿಯನ್ನು ನಡೆಸುತ್ತದೆ. ಹಾಸಿಗೆಯ ಮೇಲೆ ಕೊಡೆ ಬಿಚ್ಚಿಟ್ಟ ಹಾಗಿರುತ್ತದೆ ನೋಡಲು. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಗಾಳಿಕೂಗು ಆಗುತ್ತದೆ, ಎಂದರೆ ಇವತ್ತು ಗಾಳಿ ಯಾವ ಕಡೆಯದು, ಯಾರು ಹಾರಬಹುದು, ಯಾರು ಮನೆಯಲ್ಲಿರಬೇಕು ಎಂದು ದಿನ್ನಿಯ ತುದಿಯಿಂದ ಒಬ್ಬರು ಕೂಗುತ್ತಾರೆ. ಆ ಕೂಗಿನ ಕೆಲಸವನ್ನೇ ಸಕ್ಕರವ್ವ ಕಲಿಯುತ್ತಿದ್ದಳು. ಒದ್ದೆ ಬೆರಳು ಎತ್ತಿ ಹಿಡಿದು ಮಧ್ಯಾಹ್ನದ ಗಾಳಿಯನ್ನು ಬೆಳಿಗ್ಗೆಯೇ ಹೇಳುತ್ತಿದ್ದಳು. ನನಗೆ ಹೆಮ್ಮೆಯಿತ್ತು, ಈಗಲೂ ಇದೆ.

ಹಾರುವವರು ಬೀಳುತ್ತಾರೆ. ಇದು ನಿನ್ನ ಕಾಲದಲ್ಲೂ ಇತ್ತು, ನಮ್ಮ ಕಾಲದಲ್ಲೂ ಇದೆ. ನಿಮ್ಮಲ್ಲಿ ಅದಕ್ಕೆ ವಿಮೆ ಕಂಪನಿಗಳಿದ್ದವು. ನಮ್ಮ ಹಿನ್ನೀರಿನ ಜನರನ್ನು ನೋಡಿ ಅವು ಯಾವತ್ತೋ ಬಾಗಿಲು ಹಾಕಿಕೊಂಡು ಹೋದವು. ಆಮೇಲೆ ನಮ್ಮ ಹಿರಿಯರೇ ಕೂತು ಬುತ್ತಿಯ ಪದ್ಧತಿ ಮಾಡಿದರು. ಪ್ರತಿ ಮನೆಯೂ ತನ್ನ ಬೆಳೆಯಲ್ಲಿ, ದುಡಿಮೆಯಲ್ಲಿ ಒಂದು ಪಾಲನ್ನು ಎಲ್ಲ ದಿನ್ನಿಗಳ ಸಾಮಾನ್ಯ ಬುತ್ತಿಗೆ ಹಾಕುತ್ತದೆ. ಹಾರಿಸುವವನು ಸತ್ತರೆ ಅವನ ಹೆಂಡತಿ ಮಕ್ಕಳನ್ನು ಈ ಬುತ್ತಿ ಸಾಕುತ್ತದೆ, ಅದಕ್ಕೆ ಬಾಳುಬುತ್ತಿ ಎನ್ನುತ್ತೇವೆ. ಅವನ ಬಂಡಿಯಲ್ಲಿ ಕೂತವರಿಗೆ ಏನಾದರೂ ಆದರೆ ಅವರ ಮನೆಯನ್ನೂ ಸಾಕುತ್ತದೆ, ಅದು ಹೊಣೆಬುತ್ತಿ. ಒಳ್ಳೆಯ ಪದ್ಧತಿ ಅಲ್ಲವೆ? ಹಾರಿಸುವವನ ಮನೆ ಬೀದಿಗೆ ಬೀಳಬಾರದು, ಕೂತವರ ಮನೆಯೂ ಬೀಳಬಾರದು ಎಂದು ಮಾಡಿದ್ದು. ನಾನು ಹುಡುಗಿಯಾಗಿದ್ದಾಗಿನಿಂದ ನನ್ನ ಪಾಲು ತಪ್ಪಿಸಿದವಳಲ್ಲ.

ಆದರೆ ಅದಕ್ಕೊಂದು ಷರತ್ತಿದೆ. ಮನೆಯ ಬಂಡಿ ಮನೆಯ ಬಂಡಿಯಾಗಿಯೇ ಇರಬೇಕು. ಬಾಡಿಗೆಗೆ ಹಾರಿಸಿದರೆ ಬುತ್ತಿ ಕೈ ಎತ್ತುತ್ತದೆ, ಆಗ ಹೊಣೆಯೆಲ್ಲ ಹಾರಿಸಿದವನ ಮನೆಯದು. ಹಣ ತೆತ್ತು ತೀರಿಸುವ ಹೊಣೆಯಲ್ಲ ಅದು, ಆಳು ಕೊಟ್ಟು ತೀರಿಸಬೇಕು. ಸತ್ತವರು ಬಿಟ್ಟುಹೋದ ಕೆಲಸಕ್ಕೆ, ಸತ್ತವರು ಬಿಟ್ಟುಹೋದ ಕೂಸಿಗೆ, ಹಾರಿಸಿದವನ ಮನೆಯಿಂದ ಒಬ್ಬರು ಹೋಗಿ ನಿಲ್ಲಬೇಕು. ಆ ಮನೆಯ ಕಿರಿಯ ಕೂಸು ದೊಡ್ಡದಾಗಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ಅಲ್ಲಿಯೇ ಇರಬೇಕು. ಅವರನ್ನು ಬದಲಾಳು ಎನ್ನುತ್ತೇವೆ. ಮೊದಲ ಐದು ವರ್ಷ ತವರಿನವರ ಮುಖ ನೋಡುವಂತಿಲ್ಲ. ನೋಡಿದರೆ ಮನಸ್ಸು ಅಲ್ಲಿ ನಿಲ್ಲುವುದಿಲ್ಲವಂತೆ. ಯಾರು ಮಾಡಿದರೋ ಈ ಮಾತನ್ನು, ಅವರಿಗೆ ಹೆಣ್ಣುಮಕ್ಕಳು ಇದ್ದಿರಲಿಕ್ಕಿಲ್ಲ.

ನನ್ನ ಗಂಡ ಮಡಿವಾಳಪ್ಪ ಬಾಡಿಗೆ ಹೊಡೆಯುವವನಲ್ಲ. ಅವನ ಬಂಡಿಯಲ್ಲಿ ಖಾಲಿ ಸೀಟು ಇದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಸಂತೆಗೆ ಹೊರಟರೆ ಓಣಿಯ ಮುದುಕಿಯನ್ನು ಕೂರಿಸಿಕೊಳ್ಳುತ್ತಿದ್ದ, ದವಾಖಾನೆಗೆ ಹೊರಟವರನ್ನು ಕೇಳದೆಯೇ ಹತ್ತಿಸಿಕೊಳ್ಳುತ್ತಿದ್ದ. ನಾನು ಬೈದರೆ, "ಮನೀ ಬಂಡಿ ಅಂದ್ರ ಏನ್ ತಿಳಿದೀಬೇ? ಓಣಿ ಮಂದೀನೂ ಮನೀ ಮಂದೀನ" ಎನ್ನುತ್ತಿದ್ದ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಮಾಡಲಿ, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಕಳೆದ ಶ್ರಾವಣದಲ್ಲಿ ನಮ್ಮ ದಿನ್ನಿಯ ದುಂಡವ್ವನ ಸೊಸೆ ತಂಗೆವ್ವನಿಗೆ ತವರಿನಿಂದ ಸುದ್ದಿ ಬಂತು, ಅವ್ವನಿಗೆ ಆರಾಮಿಲ್ಲ, ಕಣ್ಣಾರೆ ನೋಡಿ ಹೋಗು ಎಂದು. ತಂಗೆವ್ವನಿಗೆ ಇನ್ನೂ ಹಲ್ಲು ಪೂರಾ ಬಾರದ ಕೂಸು. ಕೂಸಿಗೆ ಕೆಮ್ಮಿತ್ತು, ಮೇಲಿನ ಗಾಳಿಗೆ ಬೇಡವೆಂದು ಅತ್ತೆಯ ಹತ್ತಿರ ಬಿಟ್ಟು ಹೊರಟಳು. ಅವಳ ಗಂಡನ ಬಂಡಿಯ ರೆಕ್ಕೆ ಹರಿದಿತ್ತು. ಮಡಿವಾಳಪ್ಪನೇ ನಾನು ಬಿಟ್ಟು ಬರುತ್ತೇನೆ ಎಂದ. ಗಾಳಿಕೂಗು ಚೆನ್ನಾಗಿಯೇ ಇತ್ತು. ಅರ್ಧ ದಾರಿಯಲ್ಲಿ ಅಂತರಗಂಗೆಯೊಳಗಿಂದ ನೀರುಕೋಳಿಗಳ ಹಿಂಡೊಂದು ಒಮ್ಮೆಲೇ ಎದ್ದು ರೆಕ್ಕೆಗೆ ಬಡಿಯಿತು. ಅವನ ತಪ್ಪಿರಲಿಲ್ಲ, ನೋಡಿದವರೆಲ್ಲ ಹೇಳಿದ್ದಾರೆ. ಕೆಸರಿನಿಂದ ಇಬ್ಬರನ್ನೂ ಒಟ್ಟಿಗೇ ತೆಗೆದರು. ತಂಗೆವ್ವ ಅವ್ವನಿಗೆಂದು ಕಟ್ಟಿಕೊಂಡಿದ್ದ ಶೇಂಗಾ ಹೋಳಿಗೆಯ ಗಂಟು ಹರಿಯದೆ ಹಾಗೇ ಇತ್ತು. ಅದನ್ನು ದುಂಡವ್ವ ಎದೆಗೆ ಅವಚಿಕೊಂಡು ಕೂತಿದ್ದನ್ನು ನಾನು ಮರೆಯಲಾರೆ.

ಬುತ್ತಿಯ ಪಂಚಾಯ್ತಿ ಸೇರಿತು. ನಾನು ಹೆದರಿರಲಿಲ್ಲ ಆಯಿ. ಎರಡೂ ಮನೆಯನ್ನು ಬುತ್ತಿ ನೋಡಿಕೊಳ್ಳುತ್ತದೆ, ದುಃಖ ಒಂದೇ ನಮ್ಮ ಪಾಲಿನದು ಎಂದುಕೊಂಡು ಹೋಗಿ ಕೂತೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ತಂಗೆವ್ವನ ತವರಿನ ಕಡೆಯ ಹೆಂಗಸೊಬ್ಬಳು ಹಿಂದೆ ಕೂತು ಗೊಣಗಿದಳು, ಇವರು ಸೊಸೆಯನ್ನು ಶಾಸ್ತ್ರ ಮಾಡಿ ಕಳಿಸಿರಲಿಕ್ಕಿಲ್ಲ, ಹಾರಿಸುವವನನ್ನೂ ಬರಿಗೈಯಲ್ಲಿ ಕಳಿಸಿರಬೇಕು, ಅದಕ್ಕೇ ಹೀಗಾಯಿತು ಎಂದು. ದುಂಡವ್ವ ಕೇಳಿಸಿಕೊಂಡಳು. ಸೊಸೆಯನ್ನು ಕಳೆದುಕೊಂಡ ಮುದುಕಿ, ಮೇಲೆ ಈ ಮಾತು. ಎದ್ದು ನಿಂತು ಸೆರಗು ಬಿಗಿದುಕೊಂಡು ಕೂಗಿದಳು: "ಯಾಂವ ಬರಿಗೈಲೆ ಕಳಿಸ್ಯಾನ? ನಾನ ನಿಂತು ನನ್ನ ಕೈಯಾರೆ ಎಲಿ ಅಡಿಕಿ, ಮ್ಯಾಲೊಂದು ನಾಣ್ಯ ಇಟ್ಟು ಮಡಿವಾಳಪ್ಪಗ ಕೊಟ್ಟೀನಿ. ನಮ್ಮ ಮನೀ ರೀತಿ ನಮಗ ಗೊತ್ತೈತಿ!"

ಪಂಚರು ಆ ಮಾತನ್ನು ಬರೆದುಕೊಂಡರು.

ನಿನಗೆ ಇದರಲ್ಲಿ ಏನಿದೆ ಎನ್ನಿಸಬಹುದು. ನಮ್ಮಲ್ಲಿ ನಾಣ್ಯಕ್ಕೆ ಯಾವ ಬೆಲೆಯೂ ಇಲ್ಲ. ಅದು ಚಲಾವಣೆಯಿಂದ ಹೋಗಿ ಮೂರು ತಲೆಮಾರಾಯಿತು, ಒಂದು ಚಿಟಿಕೆ ಉಪ್ಪು ಕೂಡ ಬರುವುದಿಲ್ಲ. ಎಲೆ ಅಡಿಕೆಯ ಮೇಲೆ ಇಡುವುದಕ್ಕೆಂದೇ ಹಳೆಯ ನಾಣ್ಯಗಳನ್ನು ಪ್ರತಿ ಮನೆಯಲ್ಲೂ ಡಬ್ಬಿಯಲ್ಲಿ ಇಟ್ಟಿರುತ್ತೇವೆ. ನನ್ನ ಮನೆಯಿಂದ ಪಕ್ಕದ ಮನೆಗೆ ಹೋದ ನಾಣ್ಯ ಹಬ್ಬದಲ್ಲಿ ಅವರ ಮನೆಯಿಂದ ನನ್ನ ಮನೆಗೇ ಬರುತ್ತದೆ. ಆದರೆ ಹಾರಾಟದ ವಿಷಯದಲ್ಲಿ ಒಂದು ಹಳೆಯ ತೀರ್ಪಿದೆ: ಹಾರಿಸುವವನಿಗೋ ಅವನ ಮನೆಯವರಿಗೋ ಹಾರಾಟಕ್ಕಾಗಿ ಎಷ್ಟೇ ಚಿಕ್ಕ ನಾಣ್ಯ ಕೊಟ್ಟರೂ ಅದು ಬಾಡಿಗೆಯೇ. ಹೂವು ಕೊಡಬಹುದು, ಎಲೆ ಅಡಿಕೆ ಕೊಡಬಹುದು, ನಾಣ್ಯ ಕೂಡದು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಕೊಡುತ್ತಾರೆ, ಏಕೆಂದರೆ ನಾಣ್ಯವಿಲ್ಲದ ಎಲೆ ಅಡಿಕೆ ಯಾರಿಗೆ ಒಳ್ಳೆಯದು? ಹೆಣದ ಮುಂದೆ ಇಡುವುದು ಹಾಗೆ. ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದುಂಡವ್ವ ತನ್ನ ಮನೆಯ ಮರ್ಯಾದೆ ಉಳಿಸಲು ಆಡಿದ ಒಂದು ಮಾತಿಗೆ ನನ್ನ ಮಗಳು ಹೋಗಬೇಕಾಯಿತು.

ಪಂಚರಲ್ಲಿ ಹಿರಿಯಳೊಬ್ಬಳು, ಒಳ್ಳೆಯ ಹೆಂಗಸೇ, ನನ್ನ ಹತ್ತಿರ ಬಂದು ಕೂತು ಹೇಳಿದಳು: "ತಂಗೀ, ನಿನ್ನ ಮಗಳನ್ನ ಕಳಸಾಕ ನನಗೂ ಮನಸ್ಸಿಲ್ಲ. ಖರೇ, ಇವತ್ತ ಬಿಟ್ರ ನಾಳೆ ಬಾಡಿಗಿ ಹೊಡ್ಯಾವರೆಲ್ಲಾ ಎಲಿ ಅಡಿಕಿ ಅಂತ ಬರತಾರ. ಬುತ್ತಿ ಉಳೀಬೇಕಲ್ಲ?" ನಾನೇ ಹೋಗುತ್ತೇನೆ, ನನ್ನನ್ನೇ ಬದಲಾಳು ಮಾಡಿ ಎಂದು ಕಾಲು ಹಿಡಿದೆ. ಕೂಸು ಬೆಳೆಯುವವರೆಗೆ ದುಡಿಯುವ ಮೈ ಬೇಕು, ನಿನ್ನದು ಅಷ್ಟು ದಿನ ನಡೆಯುವುದಿಲ್ಲ ಎಂದರು. ಮಡಿವಾಳಪ್ಪನ ಬಾಳುಬುತ್ತಿಯೂ ನಿಂತಿತು. ಗಂಡ ಹೋದ, ಅವನು ಬಿಟ್ಟುಹೋಗಬೇಕಾಗಿದ್ದ ಅನ್ನ ಹೋಯಿತು, ಈಗ ಮಗಳು ಹೋಗುತ್ತಾಳೆ. ತಂಗೆವ್ವನ ಗಂಡ ಈ ದಿನ್ನಿಯಲ್ಲಿ ಇರಲಾರೆನೆಂದು ತಾಯಿ ಕೂಸು ಕಟ್ಟಿಕೊಂಡು ಆಚೆಯ ದೂರದ ದಿನ್ನಿಗೆ ಹೋಗಿಬಿಟ್ಟಿದ್ದಾನೆ. ಇಲ್ಲಿಯೇ ಇದ್ದಿದ್ದರೆ ಗೋಡೆಯಾಚೆಯಿಂದಾದರೂ ಅವಳ ದನಿ ಕೇಳುತ್ತಿದ್ದೆ.

ಆ ಹಳೆಯ ತೀರ್ಪು ಯಾರದು ಗೊತ್ತೇ ಆಯಿ? ನಿನ್ನದು.

ಗಟ್ಟಿಯಾಗಿ ಕೂತುಕೊಂಡು ಓದು. ನಿಮ್ಮ ಪಕ್ಕದ ಮನೆಯಲ್ಲಿ ಮಹಾನಂದಾ ಟೀಚರ್ ಇದ್ದಾರೆ, ರಿಟೈರ್ ಆದವರು. ಅವರು ಹುಟ್ಟಿದ ಹಳ್ಳಿ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮನೆಯ ಗೋಡೆಗಳು ಮೇಲಿನಿಂದ ಕಾಣುತ್ತವೆ ಎಂದು ಯಾರೋ ಅವರಿಗೆ ಹೇಳುತ್ತಾರೆ. ಒಂದು ಸಲ ತೋರಿಸಪ್ಪ ಎಂದು ಅವರು ನಿನ್ನ ಗಂಡನನ್ನು ಕೇಳುತ್ತಾರೆ. ಅವನು ಕುಣಿದುಕೊಂಡು ಒಪ್ಪುತ್ತಾನೆ. ಬರುವ ಬಸವ ಜಯಂತಿಯ ಮರುದಿನ ಬೆಳಿಗ್ಗೆ ಅವರು ತಾಟಿನಲ್ಲಿ ಎಲೆ ಅಡಿಕೆ, ನಾಣ್ಯ, ನಿನಗೊಂದು ಕುಪ್ಪಸದ ಖಣ ಇಟ್ಟುಕೊಂಡು ನಿಮ್ಮ ಬಾಗಿಲಿಗೆ ಬರುತ್ತಾರೆ. ನೀನು ಬೇಡ ಟೀಚರ್ ಎನ್ನುತ್ತೀಯ, ಅವರು ಇರಲಿ ತೊಗೋ ಎನ್ನುತ್ತಾರೆ, ನೀನು ತೆಗೆದುಕೊಳ್ಳುತ್ತೀಯ. ಆ ಹಾರಾಟದಿಂದ ಇಬ್ಬರೂ ತಿರುಗಿ ಬರುವುದಿಲ್ಲ.

ಗಂಡ ಬದುಕಿರುವ ಹೆಂಗಸಿಗೆ ಇಂಥ ಮಾತು ಬರೆಯಬಾರದು. ಆದರೆ ನನಗೂ ಶ್ರಾವಣದ ಆ ಬೆಳಿಗ್ಗೆ ಯಾರಾದರೂ ಬರೆದಿದ್ದರೆ ನಾನು ಅವರ ಕಾಲು ತೊಳೆದು ನೀರು ಕುಡಿಯುತ್ತಿದ್ದೆ.

ಹನ್ನೊಂದನೇ ದಿನದ ಶಾಸ್ತ್ರ ಮುಗಿದಮೇಲೆ ವಿಮೆಯವರ ಕಡೆಯಿಂದ ಒಬ್ಬ ಮನುಷ್ಯ ನಿಮ್ಮ ಮನೆಗೆ ಬರುತ್ತಾನೆ. ಕೈಯಲ್ಲಿ ಬ್ಯಾಗು, ಮೆತ್ತಗಿನ ಮಾತು. ಡಾಕ್ಟರ್ ಎಂಥವರು, ಜನ ಅವರನ್ನು ಹೇಗೆ ಕಾಣುತ್ತಿದ್ದರು ಎಂದು ಕೇಳುತ್ತಾನೆ. ನೀನು ಅಳುತ್ತಿರುತ್ತೀಯ, ಗಂಡನ ಹೆಸರು ದೊಡ್ಡದಾಗಲಿ ಎಂಬ ಆಸೆ. "ನಮ್ಮ ಡಾಕ್ಟರ್‌ನ ಯಾರೂ ಬರಿಗೈಲೆ ಕಳಿಸ್ತಿರ್ಲಿಲ್ರೀ. ಎಲಿ ಅಡಿಕಿ, ದಕ್ಷಿಣಿ ಇಟ್ಟು ಕೈ ಮುಗದ ವಿಮಾನ ಹತ್ತತಿದ್ರು" ಎಂದು ನೀನು ಹೇಳುತ್ತೀಯ. ಅವನು ಚಹಾ ಕುಡಿದು ಹೋಗುತ್ತಾನೆ. ಸ್ವಂತಕ್ಕೆಂದು ಮಾಡಿಸಿದ ಪಾಲಿಸಿ, ವಿಮಾನವನ್ನು ಬಾಡಿಗೆಗೆ ಬಳಸಿದ್ದಾರೆ, ಆದ್ದರಿಂದ ಹೊಣೆ ನಮ್ಮದಲ್ಲ ಎಂದು ಕಂಪನಿ ಹೇಳುತ್ತದೆ. ಟೀಚರ್ ಮನೆಯವರು ನಿನ್ನ ಮೇಲೆ ದಾವೆ ಹಾಕುತ್ತಾರೆ, ಅವರಾದರೂ ಏನು ಮಾಡಿಯಾರು. ನಿಮ್ಮ ಮನೆ, ದವಾಖಾನೆ ಎರಡೂ ಹೋಗುತ್ತವೆ. ಜೀವವಿಮೆಯಾದರೂ ಬರುತ್ತದೆ ಎಂದು ನೀನು ಕಾಯುತ್ತೀಯ. ಅದೂ ಬರುವುದಿಲ್ಲ, ಏಕೆಂದರೆ ಪುಣ್ಯಾತ್ಮ ಅದನ್ನು ಮಾಡಿಸುವಾಗ ವಿಮಾನ ಹಾರಿಸುತ್ತೇನೆ ಎಂಬುದನ್ನೇ ಮುಚ್ಚಿಟ್ಟಿದ್ದಾನೆ. ಏನು ಹವ್ಯಾಸ ಎಂದು ಕೇಳಿದ್ದಕ್ಕೆ ಹಾಡು ಕೇಳುವುದು ಎಂದಿದ್ದಾನಂತೆ! ಈ ಮಾತನ್ನು ನಮ್ಮ ಮನೆಯಲ್ಲಿ ಐದು ತಲೆಮಾರಿನಿಂದ ಹೇಳಿ ಬೈಯುತ್ತಾರೆ. ನೀನು ಸೋಲೊಪ್ಪದೆ ಮೇಲಿನ ಕೋರ್ಟಿಗೆ ಹೋಗುತ್ತೀಯ, ಅದರ ಮೇಲಿನದಕ್ಕೂ ಹೋಗುತ್ತೀಯ, ಸೋಲುತ್ತೀಯ. ಅಷ್ಟು ಮೇಲೆ ಹೋಗಿ ಸೋತದ್ದರಿಂದಲೇ ಆ ಮಾತು ಗಟ್ಟಿಯಾಯಿತು. ಕಂಪನಿಗಳು ಹೋದವು, ರಸ್ತೆಗಳು ಮುಳುಗಿದವು, ನಾಣ್ಯಗಳು ಸತ್ತವು, ಆ ತೀರ್ಪು ಮಾತ್ರ ನಮ್ಮ ಪಂಚಾಯ್ತಿಯಲ್ಲಿ ಇನ್ನೂ ಕೂತಿದೆ.

ನಿನ್ನನ್ನು ಬೈಯುತ್ತಿಲ್ಲ ಆಯಿ. ಅಂಥ ಹೊತ್ತಿನಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಈಗ ನನ್ನ ಬೇಡಿಕೆ ಕೇಳು. ಬಸವ ಜಯಂತಿಯ ಮರುದಿನ ಅವನನ್ನು ಹಾರಲು ಬಿಡಬೇಡ. ಜ್ವರ ಬಂದಿದೆ ಎಂದು ಮಲಗು, ಮಗಳಿಗೆ ಹೊಟ್ಟೆನೋವು ಎನ್ನು, ವಿಮಾನದ ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತುಬಿಡು. ಅವನು ಆ ದಿನ ಕೇಳಿದರೂ ಮುಂದಿನ ಭಾನುವಾರ ಕೇಳುವುದಿಲ್ಲ, ಅದೂ ನನಗೆ ಗೊತ್ತು. ಅದಕ್ಕೆ ಇವತ್ತೇ, ಕಾಗದ ಓದಿದ ದಿನವೇ, ಜೀವವಿಮೆಯವರ ಹತ್ತಿರ ಅವನನ್ನು ಕಿವಿ ಹಿಡಿದು ಕರೆದೊಯ್ದು ನಿಜ ಹೇಳಿಸು. ವಿಮಾನದ ಪಾಲಿಸಿಯಲ್ಲಿ ಯಾರನ್ನು ಕೂರಿಸಬಹುದು, ಏನು ಮುಟ್ಟಬಾರದು ಎಂದು ಓದಿಸು. ನಗುತ್ತಾನೆ, ನಗಲಿ. ಇದೆಲ್ಲ ನಿನ್ನ ಕೈಮೀರಿದರೆ, ಅವನು ಹಾರಿಯೇ ತೀರುತ್ತಾನೆ ಎಂದಾದರೆ, ಟೀಚರ್ ತಂದ ತಾಟಿನಿಂದ ಆ ನಾಣ್ಯವನ್ನು ತೆಗೆದು ಅವರ ಕೈಗೇ ಹಾಕು. ಅದೊಂದೇ ಸಾಕು ನನಗೆ. ಅದೂ ಆಗದಿದ್ದರೆ ಆ ಬ್ಯಾಗಿನವನು ಬಂದಾಗ ಬಾಯಿ ಮುಚ್ಚಿಕೊಂಡಿರು ಎಂದು ಬರೆಯಬೇಕೆಂದಿದ್ದೆ. ಬರೆಯಲಾರೆ. ಗಂಡ ಸತ್ತ ಹೆಂಗಸಿಗೆ ಸುಳ್ಳು ಹೇಳು ಎಂದು ಯಾವ ಬಾಯಿಂದ ಹೇಳಲಿ, ಮೇಲಾಗಿ ಟೀಚರ್ ಮಕ್ಕಳು ನಿನ್ನ ಮುಖ ನೋಡುತ್ತ ನಿಂತಿರುತ್ತಾರೆ. ನಾಣ್ಯ ಮುಟ್ಟದಿದ್ದರೆ ಸುಳ್ಳಿನ ಅಗತ್ಯವೇ ಇಲ್ಲ. ಆದ್ದರಿಂದ ನಾಣ್ಯ ಮುಟ್ಟಬೇಡ.

ಸಕ್ಕರವ್ವ ಒಳಗೆ ತನ್ನ ಬಟ್ಟೆ ಮಡಚುತ್ತಿದ್ದಾಳೆ. ಅವಳು ಅಳುತ್ತಿಲ್ಲ, ನಾನು ಅಳುತ್ತಿದ್ದೇನೆ. ಬೆಳಿಗ್ಗೆ ನನ್ನ ಕಣ್ಣೊರೆಸಿ, "ಯವ್ವಾ, ಆ ಕೂಸಿಗೆ ಅವ್ವ ಇಲ್ಲ. ನನಗ ನೀ ಅದೀಯಲ್ಲ" ಎಂದಳು. ದೂರದಲ್ಲಿ ಬಂಡಿಯ ಸದ್ದು ಕೇಳುತ್ತಿದೆ. ಎದ್ದು ಹೋಗಿ ಬರುತ್ತೇನೆ.

ಹೋಗಿ ಬಂದೆ. ಅವಳು ಹೋದಳು.

ಉಳಿದದ್ದನ್ನು ಬರೆಯುತ್ತೇನೆ, ಅಕ್ಷರ ಸರಿಯಾಗಿ ಬರುತ್ತಿಲ್ಲ. ಕರೆದೊಯ್ಯಲು ಬಂದವಳು ಪಕ್ಕದ ದಿನ್ನಿಯ ಲಕ್ಕವ್ವ, ಸಕ್ಕರವ್ವನಿಗಿಂತ ಏಳೆಂಟು ವರ್ಷ ದೊಡ್ಡವಳು. ದೂರದ ದಿನ್ನಿಗೆ ಯಾರೂ ಒಪ್ಪದಿದ್ದಾಗ ನಾನು ಬಿಟ್ಟು ಬರುತ್ತೇನೆ ಎಂದು ತಾನಾಗಿ ಬಂದಿದ್ದಳು. ಅವಳ ಎರಡು ಮಕ್ಕಳು ಮನೆಯಲ್ಲಿವೆ. ನಾನು ಮಗಳಿಗೆ ಉಡಿ ತುಂಬಿದೆ, ಅಕ್ಕಿ ಕೊಬ್ಬರಿ ಬೆಲ್ಲ ಎಲ್ಲ ಹಾಕಿದೆ. ಬಂಡಿಯ ಹತ್ತಿರ ಹೋದಾಗ ನನ್ನ ಕೈಯಲ್ಲಿ ತಾಟಿತ್ತು. ಯಾವಾಗ ಎಲೆ ಇಟ್ಟೆ, ಯಾವಾಗ ಅಡಿಕೆ ಇಟ್ಟೆ, ಯಾವಾಗ ಡಬ್ಬಿ ತೆಗೆದು ನಾಣ್ಯ ಇಟ್ಟೆ, ನನಗೇ ತಿಳಿದಿರಲಿಲ್ಲ. ಇಷ್ಟು ಹೊತ್ತು ನಿನಗೆ ಇಷ್ಟೆಲ್ಲ ಬರೆದು, ನಾನೇ ಇಟ್ಟಿದ್ದೆ! ಲಕ್ಕವ್ವ ಎರಡೂ ಕೈ ಒಡ್ಡಿದಳು. ನನ್ನ ಮಗಳು ಅಷ್ಟು ದೂರ ಹಾರುತ್ತಾಳೆ, ಅವಳನ್ನು ಒಯ್ಯುವವಳನ್ನು ಬರಿಗೈಯಲ್ಲಿ ಹೇಗೆ ಕಳಿಸಲಿ, ದಾರಿಯಲ್ಲಿ ಏನಾದರೂ ಆದರೆ ಎಂದುಕೊಂಡೆ. ಆಮೇಲೆ, ಏನಾದರೂ ಆದರೆ ಲಕ್ಕವ್ವನ ಮಕ್ಕಳಲ್ಲಿ ಯಾವುದು ನನ್ನ ಮನೆಗೆ ಬರಬೇಕಾಗುತ್ತದೆ ಎಂದು ಅನ್ನಿಸಿತು. ತಾಟನ್ನು ಹಿಂದಕ್ಕೆ ಎಳೆದುಕೊಂಡೆ. ಎಲೆಯನ್ನೂ ಕೊಡಲಿಲ್ಲ, ಅಡಿಕೆಯನ್ನೂ ಕೊಡಲಿಲ್ಲ. ನಾಣ್ಯವನ್ನು ಮಾತ್ರ ತೆಗೆದಿಟ್ಟು ಹೆಣದ ಎಲೆ ಅಡಿಕೆಯನ್ನು ಹೇಗೆ ಕೊಡಲಿ?

ಲಕ್ಕವ್ವನ ಮುಖ ಚಿಕ್ಕದಾಯಿತು. "ಯಕ್ಕಾ, ನಂದೇನರ ತಪ್ಪಾತೇನು?" ಎಂದು ಕೇಳಿದಳು. ಸಕ್ಕರವ್ವ ತಿರುಗಿ ನನ್ನ ಕೈಯ ತಾಟನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿ ತಲೆಯಾಡಿಸಿದಳು. ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದಳು. "ಗಾಳಿ ಚಲೋ ಐತಿಬೇ" ಎಂದು ಹತ್ತಿ ಕೂತಳು. ಬಂಡಿ ಅಂತರಗಂಗೆಯ ಮೇಲೆ ಚಿಕ್ಕದಾಗುತ್ತ ಹೋಗುವವರೆಗೂ ನಾನು ತಾಟು ಹಿಡಿದುಕೊಂಡೇ ನಿಂತಿದ್ದೆ.

ನೀನು ಟೀಚರ್ ಕೈಗೆ ಆ ನಾಣ್ಯವನ್ನು ತಿರುಗಿ ಹಾಕಿದರೆ ಇಲ್ಲಿ ಏನಾಗುತ್ತದೋ ನನಗೆ ಸರಿಯಾಗಿ ತಿಳಿಯದು. ಹಿಂದಂಚೆಯವರು ಹೇಳುವುದು ಇಷ್ಟೇ: ಕೇಳಿದ ಮಾತು ಅಲ್ಲಿ ನಡೆದರೆ, ಬರೆದವರಿಗೆ ಬರೆದದ್ದೇ ನೆನಪಿರುವುದಿಲ್ಲ. ಅದಕ್ಕೇ ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೇನೆ. ಒಳಗೆ ಒಲೆ ಉರಿಯುವ ಸದ್ದು, ರೊಟ್ಟಿ ಬಡಿಯುವ ಸದ್ದು ಕೇಳಿಸಲಿ, ಯಾಕೆ ಅಳುತ್ತಿದ್ದೆನೆಂದು ನನಗೆ ಮರೆತುಹೋಗಲಿ ಎಂದು ಕಾಯುತ್ತಿದ್ದೇನೆ. ಇನ್ನೂ ಎಲ್ಲ ನೆನಪಿದೆ ಆಯಿ. ಮನೆಯಲ್ಲಿ ಯಾವ ಸದ್ದೂ ಇಲ್ಲ.

ಟೀಚರ್ ನೊಂದುಕೊಳ್ಳುತ್ತಾರೆ. ಓಣಿಯವರು ಡಾಕ್ಟರ ಹೆಂಡತಿಗೆ ಎಷ್ಟು ಸೊಕ್ಕು ನೋಡು ಎನ್ನುತ್ತಾರೆ. ಅನ್ನಲಿ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ದಾರಿಗೆ ನಾನು ಎಲೆ ಅಡಿಕೆ ಕೊಡದೆ ಕಳಿಸಿ ಬಂದು ಇಲ್ಲಿ ಕೂತಿದ್ದೇನೆ. ತಾಟು ಇನ್ನೂ ನನ್ನ ತೊಡೆಯ ಮೇಲಿದೆ. ನಿನ್ನ ಬಾಗಿಲಿಗೆ ಬರುವ ತಾಟನ್ನು ನೀನು ತಿರುಗಿಸಿ ಕಳಿಸು.

ನಿನ್ನ ಮಗಳ ಮರಿಮಗಳ ಮಗಳು,
ನಿಂಬೆವ್ವ